ರಜೆ ಮುಗಿಸಿ ಬಂದ ಆಟಗಾರರಿಗೆ ಮೊದಲ ನಾಲ್ಕು ವಾರ

ಆರೆಂಟು ವಾರ ಅಭ್ಯಾಸ ಬಿಟ್ಟು ಬಂದ ಕಾಲೇಜು ಆಟಗಾರರಿಗೆ ಮೊದಲ ದಿನ ನಾನು ಯಾವ ಫಿಟ್‌ನೆಸ್ ಟೆಸ್ಟನ್ನೂ ಇಡುವುದಿಲ್ಲ. ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ತಕ್ಕಂತೆ ವೇಗ ಏರಿಸುತ್ತಾ ಓಡುವ ಪರೀಕ್ಷೆ) ಇಲ್ಲ, ಗರಿಷ್ಠ ಭಾರ ಎತ್ತಿಸುವುದಿಲ್ಲ, ಟೈಮ್ ಹಿಡಿದು ಓಡಿಸುವುದಿಲ್ಲ. ಟೆಸ್ಟ್ ಅಂದ ಕೂಡಲೇ ಹುಡುಗರು ಮೈಮೇಲೆ ಪರಿವೆಯಿಲ್ಲದೆ ಮಾಡುತ್ತಾರೆ. ಅಪಾಯ ಇರುವುದು ಅಲ್ಲೇ. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ 13 ಫುಟ್‌ಬಾಲ್ ಆಟಗಾರರು ರಜೆ ಮುಗಿಸಿ ಬಂದವರೇ ಆಸ್ಪತ್ರೆ ಸೇರಿದರು. ಗರಿಷ್ಠ ಭಾರದ ಅರ್ಧದಷ್ಟು ಹೊತ್ತು, ಗಡಿಯಾರ ಇಟ್ಟುಕೊಂಡು 100 ಸ್ಕ್ವಾಟ್ ಮಾಡಿದ್ದರು. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿತ್ತು. ಅದೇ ವರ್ಷ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಾಲೀಕರು ಆಟಗಾರರನ್ನು ಹೊರಗಿಟ್ಟಿದ್ದ ಲಾಕೌಟ್ ಮುಗಿದು ಶಿಬಿರ ಶುರುವಾದ ಮೊದಲ 12 ದಿನಗಳಲ್ಲೇ 10 ಮಂದಿಯ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ನಾರು) ಹರಿಯಿತು.

ಕಾರಣ ಸರಳ. ಉಸಿರು ಬೇಗ ಕೂಡಿಬರುತ್ತದೆ, ಸ್ನಾಯುವಿನ ಬಲ ಕೆಲವು ವಾರಗಳಲ್ಲಿ ಮರಳುತ್ತದೆ, ಟೆಂಡನ್ ಮತ್ತು ಮೂಳೆ ಮಾತ್ರ ತಿಂಗಳುಗಳನ್ನು ಕೇಳುತ್ತವೆ. ಹಾಗಾಗಿ ಎರಡನೇ ವಾರ ಕಳೆಯುವಷ್ಟರಲ್ಲಿ ಆಟಗಾರನಿಗೆ ‘ನಾನು ಮೊದಲಿನಂತಾದೆ’ ಅನಿಸುತ್ತದೆ. ನಾನು ಹೆಚ್ಚು ಎಚ್ಚರವಾಗಿರುವುದು ಆ ಹೊತ್ತಿನಲ್ಲೇ.

ಓಟದ ಲೆಕ್ಕಕ್ಕೆ ಅಮೆರಿಕದ ಸ್ಟ್ರೆಂತ್ ಕೋಚ್‌ಗಳ ಸಂಘಗಳಾದ ಸಿಎಸ್‌ಸಿಸಿಎ ಮತ್ತು ಎನ್‌ಎಸ್‌ಸಿಎ 2019ರಲ್ಲಿ ಕೊಟ್ಟ 50/30/20/10 ಸೂತ್ರ ನನಗೆ ಅನುಕೂಲ. ಮುಂದೆ ಮುಟ್ಟಬೇಕಾದ ಗರಿಷ್ಠ ಪ್ರಮಾಣದಿಂದ ವಾರವಾರಕ್ಕೆ ಇಷ್ಟಿಷ್ಟು ಶೇಕಡಾ ಕಡಿತ. ಒಂದು ಅಭ್ಯಾಸದ ಅವಧಿಗೆ 2,000 ಮೀಟರ್ ಗುರಿಯಿದ್ದರೆ 1,000, 1,400, 1,600, 1,800. ಸೂತ್ರದ ಪ್ರಕಾರ ಹೊಸಬರಿಗೆ ನಾಲ್ಕೂ ವಾರ, ಹಳಬರಿಗೆ ಮೊದಲೆರಡು ವಾರ ಸಾಕು; ದೀರ್ಘ ರಜೆಯ ಬಳಿಕ ನಾನು ಎಲ್ಲರಿಗೂ ನಾಲ್ಕು ವಾರವನ್ನೇ ಹಾಕುತ್ತೇನೆ. ವಿಶ್ರಾಂತಿ ಮೊದಲ ವಾರ ಓಟದ ನಾಲ್ಕು ಪಟ್ಟು, ಎರಡನೇ ವಾರ ಮೂರು ಪಟ್ಟು: 15 ಸೆಕೆಂಡ್ ಓಡಿದರೆ 60, ಆಮೇಲೆ 45 ಸೆಕೆಂಡ್.

ವೇಗಕ್ಕೆ ಬೇರೆ ಏಣಿ. ಮೊದಲ ವಾರ ಶೇ. 70, ನಂತರ 80, 90. ಪೂರ್ಣ ವೇಗ ನಾಲ್ಕನೇ ವಾರದಲ್ಲಿ, ಅದೂ 30–40 ಮೀಟರಿನ ನಾಲ್ಕೈದು ಓಟ, ನಡುವೆ 2–3 ನಿಮಿಷ ಬಿಡುವು. ಹೆದರಿಕೊಂಡು ಪೂರ್ಣ ವೇಗವನ್ನೇ ಬಿಟ್ಟುಬಿಡುವುದೂ ತಪ್ಪು. ಅಭ್ಯಾಸದಲ್ಲಿ ಒಮ್ಮೆಯೂ ಆ ಎಳೆತ ಕಾಣದ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಪಂದ್ಯದಲ್ಲಿ ಮೊದಲ ಸಲ ಕಂಡಾಗ ಹರಿಯುವ ಸಾಧ್ಯತೆ ಹೆಚ್ಚು.

ಅದೇ ಹ್ಯಾಮ್‌ಸ್ಟ್ರಿಂಗ್‌ಗಾಗಿ ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ಕೂತವನ ಕಾಲ್ಗಿಣ್ಣನ್ನು ಜೊತೆಗಾರ ಒತ್ತಿ ಹಿಡಿಯಬೇಕು. ಇವನು ಮಂಡಿಯಿಂದ ಹೆಗಲವರೆಗೆ ನೆಟ್ಟಗಿದ್ದು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗಿ, ತಡೆಯಲಾಗದಾಗ ಅಂಗೈ ಊರಬೇಕು. ಸೊಂಟ ಮಡಿಸಿದರೆ ಭಾರವೆಲ್ಲ ತಪ್ಪಿಹೋಗುತ್ತದೆ, ಬಹುತೇಕರು ಮಾಡುವುದೂ ಹಾಗೆಯೇ. ಮೊದಲ ವಾರ ಒಂದೇ ದಿನ, 5ರ 2 ಸೆಟ್ (ಅಂದರೆ ಐದೈದು ಸಲದಂತೆ ಎರಡು ಸುತ್ತು). ಎರಡನೇ ವಾರ ಎರಡು ದಿನ, 6ರ 2 ಸೆಟ್. ಮೂರನೇ ವಾರದಿಂದ ಮೂರು ದಿನ, 6–8ರ 3 ಸೆಟ್. ನೋವು 24ರಿಂದ 72 ಗಂಟೆಯ ನಡುವೆ ಏರುವುದರಿಂದ ಸ್ಪ್ರಿಂಟ್ ದಿನದ ಹಿಂದಿನ ದಿನ ಇದನ್ನು ಇಡಬೇಡಿ.

ಮೀನಖಂಡಕ್ಕೆ ಮೆಟ್ಟಿಲಂಚಿನಲ್ಲಿ ಒಂಟಿಕಾಲಿನ ಹಿಮ್ಮಡಿ ಎತ್ತುವಿಕೆ: ಮಂಡಿ ನೇರವಾಗಿಟ್ಟು 12ರ 3 ಸೆಟ್, ಬಾಗಿಸಿ ಅಷ್ಟೇ, ಇಳಿಯಲು ಮೂರು ಸೆಕೆಂಡ್. ಒಂದು ಕಾಲಿನಲ್ಲಿ ಪೂರ್ತಿ ಎತ್ತರಕ್ಕೆ 20 ಆಗದವರಿಗೆ, ಅಥವಾ ಎರಡು ಕಾಲಿಗೂ 5ಕ್ಕಿಂತ ಹೆಚ್ಚು ವ್ಯತ್ಯಾಸ ಇರುವವರಿಗೆ, ಅದು ಸರಿಹೋಗುವವರೆಗೆ ಜಿಗಿತ ಕೊಡುವುದಿಲ್ಲ. ಜಿಮ್‌ನಲ್ಲಿ ಉಳಿದದ್ದು 8ರ ಎರಡೇ ಸೆಟ್. ಮುಗಿಸಿದಾಗ ಇನ್ನೂ ನಾಲ್ಕು ಎತ್ತಬಲ್ಲೆ ಅನಿಸುವಷ್ಟು ಭಾರ.

ಪ್ರತಿ ಬೆಳಿಗ್ಗೆ ಕೇಳುವ ಪ್ರಶ್ನೆಗಳು ಕೆಲವೇ. ನಿದ್ದೆ ಹೇಗಿತ್ತು? ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಭಾಗ ಬಿಗಿದಿತ್ತಾ? ಹತ್ತರಲ್ಲಿ ಮೂರರೊಳಗಿನ ನೋವು ಮರುದಿನ ಬೆಳಿಗ್ಗೆಯೊಳಗೆ ಇಳಿದರೆ ಮುಂದುವರಿಸುತ್ತೇನೆ, ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಕ್ಕೆ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದರೆ ಓಟ ಅಂದೇ ಬಂದ್, ವೈದ್ಯರ ಬಳಿಗೆ. ಸ್ನಾಯು ಊದಿಕೊಂಡು ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮರುದಿನಕ್ಕೆ ಕಾಯುವಂತಿಲ್ಲ, ನೇರ ಆಸ್ಪತ್ರೆಗೆ. ಇದನ್ನು ಮೊದಲ ದಿನವೇ ಎಲ್ಲರಿಗೂ ಬಾಯಿಬಿಟ್ಟು ಹೇಳಬೇಕು. ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು.

ಬಿಸಿಲು ಜೋರಿದ್ದರೆ ದೇಹ ಒಗ್ಗಲು 10–14 ದಿನ ಬೇಕು. ಆ ಅವಧಿಯಲ್ಲಿ ಹೊತ್ತು ಮತ್ತು ತೀವ್ರತೆ ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಯೋಜನೆ ಕೆಡುವುದು ಹೆಚ್ಚಾಗಿ ಲೆಕ್ಕದ ಹೊರಗೆ. ತಡವಾಗಿ ಬಂದದ್ದಕ್ಕೆ ಶಿಕ್ಷೆಯೆಂದು ಹತ್ತು ಸುತ್ತು, ಸಂಜೆ ಗೆಳೆಯರ ಜೊತೆ ಇನ್ನೊಂದು ಆಟ, ಹೊಸ ಬೂಟು ಹಾಕಿದ ದಿನವೇ ಗಟ್ಟಿ ನೆಲದ ಓಟ. ಶಿಕ್ಷೆಯ ಓಟವನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ, ಸಹಾಯಕ ಕೋಚ್‌ಗಳಿಗೂ ಅವಕಾಶವಿಲ್ಲ. ಹತ್ತು ದಿನ ತಡವಾಗಿ ಸೇರಿದವರು ತಂಡದ ಎರಡನೇ ವಾರಕ್ಕೆ ಸೇರುವುದಿಲ್ಲ, ತಮ್ಮ ಮೊದಲ ವಾರದಿಂದಲೇ ಶುರು ಮಾಡುತ್ತಾರೆ. ತಂಡದ ಅತ್ಯುತ್ತಮ ಆಟಗಾರನಾಗಿದ್ದರೂ, ಮೊದಲ ಪಂದ್ಯ ಎದುರಿಗೇ ಇದ್ದರೂ ಅಷ್ಟೇ.