ಅರ್ಧ ಮಿಲಿಮೀಟರ್ ಬಿದ್ರಿ ಡಯಲ್: ನನ್ನ ಅನುಭವ

ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಸುಬು ಬಿದ್ರಿ. ಅದರಲ್ಲಿ ಕೈಗಡಿಯಾರದ ಡಯಲ್ ಆಗಲ್ಲ ಅಂತ ಬೀದರಿನಲ್ಲೇ ಹೇಳಿದವರು ಜಾಸ್ತಿ. ಗೋಡೆ ಗಡಿಯಾರ ಮಾಡು, ಟೇಬಲ್ ಮೇಲಿಡೋದು ಮಾಡು, ವಾಚಿನ ಗೊಡವೆ ಬೇಡ ಅನ್ನುತ್ತಿದ್ದರು. ಹೋದ ದೀಪಾವಳಿಯಿಂದ ಬಿದ್ರಿ ಡಯಲಿನ ವಾಚೇ ನನ್ನ ಎಡಗೈಯಲ್ಲಿ ಓಡುತ್ತಿದೆ. ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಹೋಗುತ್ತದೆ. ಅದು ಮಷಿನಿನ ತಕರಾರು, ಡಯಲಿನದ್ದಲ್ಲ.

ಬೇಡ ಅಂದವರ ಮಾತಿನಲ್ಲೂ ಹುರುಳಿತ್ತು ಬಿಡಿ. ನಾವು ರಿಪೇರಿಗೆ ಬಿಚ್ಚುವ ವಾಚುಗಳ ಹಿತ್ತಾಳೆ ಡಯಲ್ 0.4 ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ. ಬಿದ್ರಿ ಅಂದರೆ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಹೂದಾನಿಗೆ, ಹುಕ್ಕಾಗೆ ಅದು ಗಟ್ಟಿ. ತೆಳ್ಳಗಾದರೆ ಮಾತ್ರ ಪಟ್ ಅಂತ ಸೀಳುತ್ತದೆ. ನಾನು ಹುಡುಕಿಕೊಂಡು ಹೋದ ಬಿದ್ರಿ ಕಸುಬಿನ ಉಸ್ತಾದರು ಮೊದಲ ದಿನವೇ ಹೇಳಿದ್ದರು: “ತಮ್ಮಾ, ಇದು ಹಿತ್ತಾಳಿ ಅಲ್ಲ. ತೆಳ್ಳಗ ಮಾಡಿದ್ರ ಹಪ್ಪಳ ಮುರದಂಗ ಮುರೀತದ.” ನಾನು ಅಂದೆ, “ಮುರೀಲಿ ಉಸ್ತಾದ್, ಮುರದ್ರ ನನ್ನ ರೊಕ್ಕ.” ಆಮೇಲೆ ಬಹಳ ಸಲ ಮುರಿಯಿತು, ರೊಕ್ಕವೂ ನನ್ನದೇ ಹೋಯಿತು.

ಮೊದಲು ತೆಳ್ಳಗೇ ಎರಕ ಹೊಯ್ಯಿಸಿ ನೋಡಿದೆವು. ಲೋಹ ಅಚ್ಚಿನ ಅಂಚು ಮುಟ್ಟುವ ಮೊದಲೇ ಆರಿ ನಿಂತಿತು. ಬಂದದ್ದರಲ್ಲೂ ಸೂಜಿಮೊನೆಯಂಥ ತೂತುಗಳು. ಆಮೇಲೆ ದಪ್ಪ ಬಿಲ್ಲೆ ಹೊಯ್ದು, ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಅದರ ಮೇಲೆ ಕೆತ್ತಿಸಿದೆವು. ಕೆತ್ತುವ ತನಕ ಚೆನ್ನಾಗಿತ್ತು. ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟಿದ ಕೂಡಲೇ ನಡುವಿನ ತೂತಿನಿಂದ ಅಂಚಿನವರೆಗೆ ಬಿರುಕು. ಹೀಗೇ ಒಂದು ಮಳೆಗಾಲ ಪೂರ್ತಿ ಕಳೆಯಿತು.

ಕೊನೆಗೆ ಕ್ರಮವನ್ನೇ ತಿರುಗಿಸಿದೆ. ಈಗ ಬಿಲ್ಲೆ ಸುಮಾರು 3 ಮಿಲಿಮೀಟರ್ ದಪ್ಪ ಇರುವಾಗಲೇ ತಟ್ಟುವ ಕೆಲಸವೆಲ್ಲ ಮುಗಿಸುತ್ತೇವೆ. ನಡುವಿನ ತೂತನ್ನೂ ಆಗಲೇ ಕೊರೆದು ಬಿಡುತ್ತೇನೆ. ಮೇಲ್ಮೈಗೆ ಮೈಲುತುತ್ತ ಸವರಿದರೆ ಹಂಗಾಮಿ ಕಪ್ಪು ಬರುತ್ತದೆ, ಗೆರೆ ಕಾಣುತ್ತದೆ. ಉಸ್ತಾದರು ಉಳಿಯಿಂದ ಕಾಲು ಮಿಲಿಮೀಟರಿನಷ್ಟು ಆಳ ತೆಗೆದು ಬೆಳ್ಳಿ ಕೂರಿಸುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ನಾನು ಬಿಲ್ಲೆಯನ್ನು ಮುಖ ಕೆಳಗೆ ಮಾಡಿ ಅಂಟಿಸಿ ಹಿಂಬದಿಯಿಂದ ಉಜ್ಜಲು ಕೂರುತ್ತೇನೆ. ಮೊದಲು ಅರ, ಆಮೇಲೆ ದಪ್ಪ ಗಾಜಿನ ಮೇಲೆ ಒದ್ದೆ ಎಮರಿ ಪೇಪರ್, 220 ನಂಬರಿನಿಂದ 600ರವರೆಗೆ. ಒಂದು ಡಯಲಿಗೆ ಎರಡು ಮೂರು ಸಂಜೆ ಬೇಕು. ಅರ್ಧ ಮಿಲಿಮೀಟರಿಗೆ ಬಂದಾಗ ನಿಲ್ಲಿಸುತ್ತೇನೆ. ಇಷ್ಟು ತೆಳ್ಳಗಾದ ಮೇಲೆ ಸುತ್ತಿಗೆ ತಾಗಲ್ಲ, ಹಾಗಾಗಿ ಬಿರುಕಿನ ಮಾತಿಲ್ಲ.

ಯಾವುದರಿಂದ ಅಂಟಿಸುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ರಾಳ ಅಲ್ಲ. ಅಷ್ಟೇ ಹೇಳುವೆ. ಸ್ವಲ್ಪ ಸೊಟ್ಟಗಾದರೆ ಏನು ಮಾಡೋದು ಅಂತಲೂ ಕೇಳುತ್ತಾರೆ. ಸತು 100 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಕೆಲಸ ಗೊತ್ತಿದ್ದವರಿಗೆ ಇಷ್ಟು ಸಾಕು.

ಡಯಲಿನ ಕಾಲು, ಅಂದರೆ ಅದನ್ನು ಮಷಿನಿಗೆ ಹಿಡಿದಿಡುವ ಹಿಂಬದಿಯ ಕಡ್ಡಿ, ಇನ್ನೊಂದು ತಲೆನೋವು. ಬೆಳ್ಳಿ ಬೆಸುಗೆಗೆ 600 ಡಿಗ್ರಿ ಮೇಲೆ ಬಿಸಿ ಬೇಕು, ಸತು 420ರಲ್ಲೇ ಕರಗುತ್ತದೆ. ಬೆಸುಗೆಯ ಆಸೆ ಬಿಟ್ಟೆ. ಹಿಂಬದಿ ಗೀರಿ ಒರಟು ಮಾಡಿ, ತಾಮ್ರದ ತಂತಿಯ ಕಾಲನ್ನು ಎಪಾಕ್ಸಿಯಿಂದ ನಿಲ್ಲಿಸಿದ್ದೇನೆ. ಇನ್ನೂ ಬಿದ್ದಿಲ್ಲ.

ಇನ್ನು ಖಾಯಂ ಕಪ್ಪು. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್), ನೀರು, ಬಿಸಿ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಬೇಕು. ಉಸ್ತಾದರು ಅದನ್ನು ನಾಲಿಗೆ ಮೇಲಿಟ್ಟು ನೋಡಿ ಹೂಂ ಅಂದ ಮೇಲೇ ಕೆಲಸ ಶುರು. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.  ಆದರೆ ಹೂದಾನಿಗೆ ಗಾಳಿ ಆಡುತ್ತದೆ, ವಾಚಿಗೆ ಆಡಲ್ಲ. ಡಯಲಿನಲ್ಲಿ ನವಸಾಗರದ ಉಪ್ಪು ಚೂರು ಉಳಿದರೂ ಮುಚ್ಚಿದ ಕೇಸಿನೊಳಗೆ ಅದು ಸುಮ್ಮನಿರುವುದಿಲ್ಲ. ಮೊದಲು ಕೂರಿಸಿದ ಡಯಲಿನ ಮೇಲೆ ತಿಂಗಳೊಪ್ಪತ್ತಿನಲ್ಲಿ ಬಿಳಿ ಪುಡಿ ಎದ್ದಿತು. ಗಂಟೆ ಮುಳ್ಳಿನ ತುದಿಗೆ ಕಂದು ಚುಕ್ಕೆ ಬಿತ್ತು. ಮೇಲೆ ಸವರಿದ್ದ ಕೊಬ್ಬರಿ ಎಣ್ಣೆಯಿಂದ ಗಾಜಿನ ಒಳಗೆ ಮಂಜು ಕಟ್ಟಿತು.

ಈಗ ಡಯಲನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತೇನೆ. ಒಣಗಿದ ಮೇಲೆ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಹಳೇ ಉಕ್ಕಿನ ಮುಳ್ಳೊಂದನ್ನು ಇಟ್ಟು, ಮೇಲೆ ಗಾಜಿನ ಲೋಟ ಬೋರಲು ಹಾಕಿ ಎರಡು ವಾರ ಬಿಡುತ್ತೇನೆ. ಆ ಮುಳ್ಳಿಗೆ ತುಕ್ಕು ಬಂದರೆ ಡಯಲ್ ಮತ್ತೆ ನೀರಿಗೆ. ಬರದಿದ್ದರೆ ಮಾತ್ರ ವಾಚಿಗೆ. ಎಣ್ಣೆ ಪೂರ್ತಿ ಬಿಟ್ಟೆ. ಅದರ ಬದಲು ಹಚ್ಚುವುದು ಏನು ಅನ್ನೋದು ನನ್ನಲ್ಲೇ ಇರಲಿ. ಅದಕ್ಕಾಗಿ ಸಾಕಷ್ಟು ಕಳಕೊಂಡಿದ್ದೇನೆ.

ಮಷಿನ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎಚ್‌ಎಂಟಿ ಜನತಾ ಅನ್ನೋ ಹಳೇ ವಾಚಿನ ಕೇಸಿನಲ್ಲಿ ಹಾಕುವ ಆಸೆಯಿತ್ತು, ಗ್ಲಾಸಿನ ಕೆಳಗೆ ಜಾಗ ಸಾಲಲಿಲ್ಲ. ಎನ್‌ಎಚ್ 38 ಹಾಕಿದೆ, ಸೈಕೋ ಕಂಪನಿಯ ಆಟೋಮ್ಯಾಟಿಕ್ ಮಷಿನ್. ತಾರೀಖಿಲ್ಲ, 28.5 ಮಿಲಿಮೀಟರಿನ ಡಯಲ್. ಡಯಲಿನ ದಪ್ಪ ಸ್ವಲ್ಪ ಜಾಸ್ತಿ ಆದ್ದರಿಂದ ಗಂಟೆ ಮುಳ್ಳನ್ನು ಪೂರ್ತಿ ಒತ್ತಲ್ಲ, ಗ್ಲಾಸು ಉಬ್ಬಿದ್ದು ತಗೊಂಡೆ.

ಜಗಳ ಆದದ್ದು ಡಿಸೈನಿನ ಮೇಲೆ. ಉಸ್ತಾದರಿಗೆ ಖಾಲಿ ಜಾಗ ಅಂದರೆ ಆಗಲ್ಲ. ಮೊದಲ ಡಯಲಿಗೆ ಬಳ್ಳಿ, ಹೂವು, ಅಂಚಿಗೆ ಜಾಲರಿ ಎಲ್ಲ ಹಾಕಿದರು. ನೋಡಲು ಚೆಂದವೋ ಚೆಂದ, ಆದರೆ ಟೈಮ್ ಎಷ್ಟು ಅಂತ ಕೇಳಬೇಡಿ. ಬೆಳ್ಳಿ ಬಣ್ಣದ ಮುಳ್ಳು ಬೆಳ್ಳಿ ಬಳ್ಳಿಯಲ್ಲಿ ಕಳೆದುಹೋಗಿತ್ತು. ಜನತಾ ವಾಚಿನ ಬಿಳಿ ಡಯಲ್ ನೆನಪಿಸಿಕೊಳ್ಳಿ, ಗೆರೆ, ಹೆಸರು, ಅಷ್ಟೇ. ಅದನ್ನೇ ಎದುರಿಗಿಟ್ಟು ವಾದ ಮಾಡಿದೆ. ಬಿದ್ರಿಯ ಬೆಲೆ ಇರುವುದು ಆ ಕಪ್ಪಿನಲ್ಲಿ, ಅದನ್ನೇ ಮುಚ್ಚಿದರೆ ಏನು ಉಳಿಯಿತು? ನಡುವೆ ಪೂರ್ತಿ ಖಾಲಿ ಬಿಟ್ಟೆವು. ಕನ್ನಡ ಅಂಕಿ ೧೨, ೩, ೬, ೯ ಹಾಕಿದ್ದೆವು, ಆದರೆ 3 ಮಿಲಿಮೀಟರ್ ಎತ್ತರದಲ್ಲಿ ೩ ಯಾವುದು, ೬ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು. ಈಗ ೧೨ ಒಂದೇ ಉಳಿದಿದೆ, ಉಳಿದ ಕಡೆ ಒಳಮುಖವಾಗಿ ಸಣ್ಣಗಾಗುವ ಬೆಳ್ಳಿ ಗೆರೆ. ಮುಳ್ಳು ಹಿತ್ತಾಳೆ ಬಣ್ಣದ್ದು. ಹೊಳಪಿನ ಬೆಳ್ಳಿ ಮುಳ್ಳು ಓರೆಯಾಗಿ ಹಿಡಿದರೆ ಕಪ್ಪಾಗಿ ಕಾಣುತ್ತದೆ, ಹಿತ್ತಾಳೆಯದು ಯಾವ ಕಡೆ ಹಿಡಿದರೂ ಕಾಣುತ್ತದೆ. ಖಾಲಿ ಖಾಲಿ ಅಂದ ಗೆಳೆಯರೇ ಈಗ ಕೈ ಹಿಡಿದು ತಿರುಗಿಸಿ ನೋಡುತ್ತಾರೆ.

ನಡುನಡುವೆ ಬೇರೆ ಹುಚ್ಚೂ ಹತ್ತಿತು. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಗಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಹಾಗೇ ೧೨ರ ಜಾಗಕ್ಕೆ ಚಿಪ್ಪು ಹಾಕಿದೆ. ತಟ್ಟುವಂತಿಲ್ಲ, ಅಂಟಿಸಬೇಕು. ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಮನೆಯೊಳಗೆ ಮಂಕು. ಆಮೇಲೆ ಶಹಾಬಾದ್ ಕಲ್ಲು. ಕಲಬುರಗಿಯಿಂದ ಬರುವಾಗ ಒಂದು ತುಂಡು ತಂದು ಉಜ್ಜಿದೆ. ಒಂದು ಮಿಲಿಮೀಟರಿಗೆ ಇಳಿಯುವಷ್ಟರಲ್ಲಿ ಪದರ ಪದರ ಎದ್ದಿತು. ಉಳಿದ ತುಂಡನ್ನು ಹೆಂಡತಿಗೆ ತೋರಿಸಿದರೆ, “ಅಂಗಳದ ಕಲ್ಲು ಕೈಗ್ಯಾಕ ಕಟ್ಕೋತೀರಿ?” ಅಂದಳು. ಅಲ್ಲಿಗೆ ಬಿಟ್ಟೆ.

ದುಡ್ಡಿನ ಲೆಕ್ಕ ಬಾಯಿಂದ ಹೇಳುತ್ತೇನೆ, ಚೀಟಿ ಇಟ್ಟಿಲ್ಲ. ಮಷಿನ್ ಮೂರೂವರೆ ಸಾವಿರ. ಕೇಸು, ಗ್ಲಾಸು, ಪಟ್ಟಿ ಹೊರಗಿಂದ ತರಿಸಿ ಸುಂಕ ಸೇರಿ ಐದು ಸಾವಿರದ ಹತ್ತಿರ. ಒಬ್ಬ ವ್ಯಾಪಾರಿ ಬೇರೆ ಅಳತೆಯ ಮುಳ್ಳು ಕಳಿಸಿ ವಾಪಸ್ ತಗೊಳ್ಳಲಿಲ್ಲ, ಅದೂ ನನ್ನ ತಲೆಗೇ. ಉಸ್ತಾದರ ಕೂಲಿ ಒಂದು ಡಯಲಿಗೆ ಒಂದೂವರೆ ಸಾವಿರ, ಮುರಿದರೂ ಕೊಟ್ಟಿದ್ದೇನೆ, ಅವರ ತಪ್ಪಲ್ಲವಲ್ಲ. ಬೆಳ್ಳಿಗೆ ದುಡ್ಡು ಹೋಗುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಒಂದು ಡಯಲಿಗೆ ಅರ್ಧ ಗ್ರಾಮೂ ಹಿಡಿಯಲ್ಲ. ದುಡ್ಡು ಹೋಗೋದು ಮುರಿದದ್ದರಲ್ಲಿ. ಮೊದಲನೆಯದು ಕೈಗೆ ಬರುವಷ್ಟರಲ್ಲಿ ಮೂವತ್ತು ಸಾವಿರ ದಾಟಿತ್ತು. ಈಗ ಕೊಳ್ಳುವವರಿಗೆ ಹದಿನಾಲ್ಕು ಸಾವಿರ ಹೇಳುತ್ತೇನೆ, ಚೌಕಾಸಿ ಇಲ್ಲ.

ಕೊಂಡವರೆಲ್ಲ ತಾರೀಖು ಬೇಕು ಅನ್ನುತ್ತಾರೆ. ಚೌಕ ಕಿಂಡಿ ಕೊರೆದರೆ ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ, ಮಾಡಿ ನೋಡಿದ್ದೇನೆ. ಈಗ ದುಂಡು ಕಿಂಡಿ ಕೊರೆದ ಒಂದು ಬಿಲ್ಲೆ ಲೋಟದ ಕೆಳಗೆ ಕೂತಿದೆ. ಎನ್‌ಎಚ್ 35, ಅಂದರೆ ಅದೇ ಜಾತಿಯ ತಾರೀಖಿರುವ ಮಷಿನ್, ತರಿಸಿಟ್ಟಿದ್ದೇನೆ. ಉಸ್ತಾದರು ಇದೂ ಮುರೀತದ ಅಂದಿದ್ದಾರೆ.