ಮರಿಮೀನು ಮಾರುವುದನ್ನು ನಾನು ಬಿಟ್ಟ ಬಗೆ

ಹುಬ್ಬಳ್ಳಿಯಲ್ಲಿ ನಾವು ಮಾರುವ ಸಮುದ್ರದ ಮೀನು ಹೆಚ್ಚಾಗಿ ಕಾರವಾರ, ಅಂಕೋಲಾ ಕಡೆಯಿಂದ ಅರಬೈಲು ಘಟ್ಟ ಹತ್ತಿ ಬರುತ್ತದೆ. ರಾತ್ರಿ ಬಂದರಿನ ಏಜೆಂಟ್ ಫೋನ್ ಮಾಡಿ ‘ಏನು ಹಾಕಲಿ?’ ಅಂತ ಕೇಳುತ್ತಾನೆ. ನಾವು ಹೇಳಿದ ಮಾಲು ಗಾಡಿ ಏರುತ್ತದೆ. ಕಡಲು ಕಾಯುವುದು ಕರಾವಳಿಯವರ ಕೆಲಸ, ಬಯಲುಸೀಮೆಯವರಿಗೆ ಅದರ ಉಸಾಬರಿ ಯಾಕೆ ಅನ್ನುವವರಿಗೆ ನಾನು ಈ ಫೋನಿನ ಮಾತು ಹೇಳುತ್ತೇನೆ. ಇಲ್ಲಿ ಗಿರಾಕಿ ಇರುವುದರಿಂದಲೇ ಅಲ್ಲಿ ಮರಿಮೀನಿಗೆ ಬೆಲೆ.

ತಾರ್ಲೆಯ (ಭೂತಾಯಿ ಅಂತಲೂ ಕರೆಯುವ ಸಾರ್ಡೀನ್ ಮೀನು) ಕಥೆ ನನ್ನ ಕಣ್ಣು ತೆರೆಸಿತು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಲ್ ನಿನೊದಿಂದ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಕೆಡುವುದರಿಂದ, ಸಮುದ್ರದಲ್ಲಾದ ಏರುಪೇರನ್ನೂ ತೋರಿಸಿದರು, ಮಿತಿಮೀರಿ ಹಿಡಿದದ್ದನ್ನೂ ತೋರಿಸಿದರು. ಎಲ್ ನಿನೊ ನಮ್ಮ ಕೈಯಲ್ಲಿಲ್ಲ. ಎರಡನೆಯದು ನಮ್ಮ ತಕ್ಕಡಿಗೇ ಬಂದು ಬೀಳುತ್ತದೆ.

ಅದೇ ಸಂಸ್ಥೆ ಯಾವ ಮೀನು ಎಷ್ಟು ಉದ್ದ ಆಗುವ ತನಕ ಹಿಡಿಯಬಾರದು ಅಂತ ಲೆಕ್ಕ ಕೊಟ್ಟಿದೆ: ತಾರ್ಲೆ 10 ಸೆಂ.ಮೀ., ಬಂಗಡೆ 14 ಸೆಂ.ಮೀ. ಕೇರಳ 2015ರಿಂದ ಇದನ್ನು ಕಾನೂನು ಮಾಡಿಕೊಂಡಿದೆ. ನಾನು ಒಂದು ಹಲಗೆಯ ಮೇಲೆ ಈ ಎರಡು ಗೆರೆ ಕೊರೆಸಿ ಕಟ್ಟೆಯ ಮೇಲಿಟ್ಟೆ. ಬಾಕ್ಸ್ ಬಂದ ಕೂಡಲೇ ಮಂಜುಗಡ್ಡೆ ಸರಿಸಿ, ಮೇಲಿನದನ್ನು ಬಿಟ್ಟು ತಳದಿಂದ ಒಂದು ಮುಷ್ಟಿ ತೆಗೆಯುತ್ತೇನೆ, ಯಾಕೆಂದರೆ ದೊಡ್ಡವನ್ನು ಮೇಲೆ ಜೋಡಿಸುವುದು ಈ ಧಂದೆಯ ಹಳೇ ರೂಢಿ. ಮೂತಿಯ ತುದಿಯಿಂದ ಬಾಲದ ತುದಿವರೆಗೆ ಅಳೆಯಬೇಕು. ಗೆರೆ ಮುಟ್ಟದವು ಹೆಚ್ಚಿದ್ದರೆ ಬಾಕ್ಸ್ ವಾಪಸ್. ಮೊದಮೊದಲು ಏಜೆಂಟ್ ಸಿಟ್ಟಾದ. ಈಗ ಗಾಡಿ ತುಂಬುವ ಮೊದಲೇ ಫೋಟೊ ಕಳಿಸುತ್ತಾನೆ.

ಅಳತೆಗಿಂತ ಹೊಟ್ಟೆ ಸೀಳಿದಾಗ ಕಾಣುವುದೇ ಗಿರಾಕಿಗೆ ಬೇಗ ತಿಳಿಯುತ್ತದೆ. ಬಲಿತ ಹೆಣ್ಣು ಬಂಗಡೆಯಲ್ಲಿ ಮೊಟ್ಟೆಯ ಎರಡು ಹಳದಿ ಗಟ್ಟಿಗಳು ಹೊಟ್ಟೆ ತುಂಬ ಇರುತ್ತವೆ. ಮರಿಯಲ್ಲಿ ಅದೇ ಜಾಗದಲ್ಲಿ ದಾರದಂಥ ಎರಡು ಎಳೆ, ಅಷ್ಟೇ. ಒಮ್ಮೆಯೂ ಮೊಟ್ಟೆ ಇಡದೆ ಹೋದ ಮೀನು ಅದು. ನಿಜ ಹೇಳಬೇಕೆಂದರೆ 14 ಸೆಂ.ಮೀ. ಕೂಡ ಕಡಿಮೆಯೇ, ಬಂಗಡೆ ಮೊಟ್ಟೆಗೆ ಬರುವುದು 18 ಸೆಂ.ಮೀ. ಆಸುಪಾಸಿನಲ್ಲಿ. ಹಾಗಂತ ಸಣ್ಣದೆಲ್ಲ ಮರಿಯಲ್ಲ. ನೆತ್ತೋಲಿ ಬೆಳೆಯುವುದೇ ಅಷ್ಟು, ಅದನ್ನು ಧಾರಾಳವಾಗಿ ಮಾರುತ್ತೇನೆ.

ಕಷ್ಟವಾದದ್ದು ಬಡ ಗಿರಾಕಿಗಳ ವಿಷಯದಲ್ಲಿ. ‘ಅಣ್ಣಾ, ಸಣ್ಣವು ಇಲ್ಲೇನ್ರಿ? ದೊಡ್ಡವು ನಮಗ ಆಗಂಗಿಲ್ರಿ’ ಅಂತ ಅಜ್ಜಿಯೊಬ್ಬರು ಕೇಳಿದಾಗ ಕಡಲಿನ ಭವಿಷ್ಯ ಅಂತ ಭಾಷಣ ಮಾಡಲು ಬರುವುದಿಲ್ಲ. ಮರಿಮೀನು ಅಗ್ಗ, ಅದಕ್ಕೇ ಮನೆಗೆ ಹೋಗುತ್ತದೆ. ಹಾಗಾಗಿ ಬಂಗಡೆಯನ್ನು ಕಿಲೋ ಲೆಕ್ಕ ಬಿಟ್ಟು ಬಿಡಿಯಾಗಿ ಕೊಡತೊಡಗಿದೆ. ಎರಡೇ ಮೀನು ಬೇಕೆಂದರೂ ಕತ್ತರಿಸಿ ಕೊಡುತ್ತೇನೆ. ದೊಡ್ಡ ಮೀನಿನ ತಲೆಯನ್ನು ಸಾರಿಗೆ ಬೇರೆ ಇಡುತ್ತೇನೆ. ಲಾಭ ಕಡಿಮೆಯಾಯಿತು, ಗಿರಾಕಿ ಉಳಿದರು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ಆಗ ಕೆರೆಯ ಕಾಟ್ಲಾ, ರೋಹು, ಜೊತೆಗೆ ಒಣಮೀನು ಇಡುತ್ತೇನೆ. ಈ 61 ದಿನಕ್ಕೆ ಗೊಣಗುವ ವ್ಯಾಪಾರಿಗಳಿದ್ದಾರೆ. ನನಗೆ ಇದು ಅತ್ಯಂತ ಒಳ್ಳೆಯ ಕಾನೂನು. ಬಂಗಡೆ ಮೊಟ್ಟೆ ಇಡುವ ಹೊತ್ತೂ ಮಳೆಗಾಲವೇ.

ಆದರೆ ಆಗಸ್ಟಿನಲ್ಲಿ ಬಲೆ ಬಿದ್ದ ಕೂಡಲೇ ಮರಿಗಳನ್ನೇ ಬಾಚಿದರೆ ಎರಡು ತಿಂಗಳು ಕಾದದ್ದು ನೀರಿನಲ್ಲಿ ಹೋಮ ಮಾಡಿದಂತೆ. ದೋಣಿಯ ಹಿಂದೆ ಎಳೆಯುವ ಟ್ರಾಲ್ ಬಲೆಯಲ್ಲಿ ಮೀನು ಸೇರುವ ತುದಿಚೀಲಕ್ಕೆ ಚೌಕ ಕಣ್ಣು ಹಾಕಿ ಅಂತ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ವಜ್ರದಾಕಾರದ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ. ಆ ಬಲೆಗೆ ದೋಣಿಯವನು ದುಡ್ಡು ಹಾಕಬೇಕಾದರೆ ಮರಿಯ ಬೆಲೆ ಕುಸಿಯಬೇಕು. ಅದನ್ನು ಕುಸಿಯುವಂತೆ ಮಾಡಲು ಹುಬ್ಬಳ್ಳಿ, ಗದಗ, ಹಾವೇರಿಯ ಕೊಳ್ಳುವವರಿಂದ ಆಗುತ್ತದೆ.

ನನ್ನ ಹಲಗೆ ನಿಮ್ಮ ಬಳಿ ಇರುವುದಿಲ್ಲ. ಜೇಬಿನಲ್ಲಿರುವ ಸಾದಾ ಬಾಲ್‌ಪೆನ್ನು ಹೆಚ್ಚುಕಮ್ಮಿ 14 ಸೆಂ.ಮೀ. ಇರುತ್ತದೆ. ಬಂಗಡೆಯ ಪಕ್ಕಕ್ಕೆ ಹಿಡಿದು ನೋಡಿ; ಪೆನ್ನಿಗಿಂತ ಗಿಡ್ಡ ಇದ್ದರೆ ಬೇಡ ಅನ್ನಿ. ಯಾಕೆ ಬೇಡ ಅಂತಲೂ ಅಂಗಡಿಯವನಿಗೆ ಹೇಳಿ. ಆ ರಾತ್ರಿಯೂ ಅವನಿಗೆ ಬಂದರಿನಿಂದ ಫೋನ್ ಬರುತ್ತದೆ.