ಶಿರಸಿಯ ಮಳೆ, ಸಹಾರಾದ ಆಮೆ

ನಾನು ಸಾಕಿರುವುದು ಸಲ್ಕಾಟಾ ಎಂಬ ನೆಲದ ಆಮೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಸೀಮೆಯದು. ನಮ್ಮ ನಕ್ಷತ್ರ ಆಮೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಲ್ಕಾಟಾ ವಿದೇಶಿ ಪ್ರಭೇದ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಸಾಕುತ್ತಿದ್ದೇನೆ.

ಬಂದವರೆಲ್ಲ ಕೇಳುವುದು, ಇದನ್ನು ಕೆರೆಗೆ ಬಿಡುವುದಿಲ್ಲವೇ ಎಂದು. ಬಿಟ್ಟರೆ ಮುಳುಗಿ ಸಾಯುತ್ತದೆ ಎಂದರೆ ನಂಬುವುದಿಲ್ಲ. ಕಾರವಾರದ ಭಾವನವರಂತೂ ದೇವಬಾಗದ ಮರಳಿನಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆ ಕಂಡವರು. ಆದರೆ ಕಡಲಾಮೆಯ ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆ. ಇದರದು ದಪ್ಪ ಮೋಟು ಕಾಲು, ಬೆರಳುಗಳ ನಡುವೆ ಪೊರೆಯೂ ಇಲ್ಲ. ಎರಡೂ ಉಸಿರಾಡುವುದು ಶ್ವಾಸಕೋಶದಿಂದಲೇ. ಆಳದಿಂದ ಮೇಲೆ ಬಂದು ಉಸಿರೆಳೆಯುವ ಕಸುವು ಇದಕ್ಕಿಲ್ಲ. 2004ರಲ್ಲಿ ಅಲ್ಡಾಬ್ರಾ ದ್ವೀಪದ ದೈತ್ಯ ನೆಲದಾಮೆಯೊಂದು ಹಿಂದೂ ಮಹಾಸಾಗರದಲ್ಲಿ ಸಾಗಿ ತಾಂಜಾನಿಯಾದ ದಡ ಸೇರಿದ್ದುಂಟು. ಅದು ಈಜಿದ್ದಲ್ಲ, ಅಲೆಗಳ ಮೇಲೆ ತೇಲಿದ್ದು. ಭಾವನವರು ಈಗ ಅದನ್ನೇ ಹಿಡಿದುಕೊಂಡು ವಾದಿಸುತ್ತಾರೆ!

ಹಾಗೆಂದು ನೀರು ಬೇಡವೆಂದಲ್ಲ. ಬಚ್ಚಲ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮುಂಗೈಗೆ ಉಗುರುಬೆಚ್ಚಗೆ ಎನಿಸಿದ ಮೇಲೆ ಅಗಲವಾದ ತಟ್ಟೆಗೆ ಸುರಿಯುತ್ತೇನೆ. ತಲೆ ಎತ್ತದೆಯೇ ಮೂಗು ಹೊರಗಿರಬೇಕು, ಅಷ್ಟೇ ನೀರು. ಹದಿನೈದು ಇಪ್ಪತ್ತು ನಿಮಿಷ ಕೂರುತ್ತದೆ, ಕುಡಿಯುತ್ತದೆ, ಸುಣ್ಣದಂಥ ಬಿಳಿ ಮೂತ್ರ ಹೊರಹಾಕುತ್ತದೆ. ಆಗ ನೀರು ಬದಲಿಸುತ್ತೇನೆ. ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿರುತ್ತೇನೆ. ಬೆನ್ನಡಿಯಾಗಿ ಮಗುಚಿಕೊಂಡರೆ ತಟ್ಟೆಯ ನೀರೂ ಸಾಕು ಕೊಲ್ಲಲು.

ನಿಜವಾದ ತಲೆನೋವು ಮಳೆಗಾಲ. ಈ ಜಾತಿ ನೆಲ ತೋಡಿ ಬಿಲದಲ್ಲಿರುವುದು. ಸಹಾರಾದ ಅಂಚಿನಲ್ಲಿ ಅದು ಬಿಸಿಲಿಗೆ ಆಸರೆ, ನಮ್ಮ ಜೂನ್ ಜುಲೈಯಲ್ಲಿ ಅದೇ ಬಿಲ ಬಾವಿಯಾಗುತ್ತದೆ. ಹಾಗಾಗಿ ಎತ್ತರದ ಜಗಲಿಯ ಮೇಲೆ ಚಿರೆಕಲ್ಲಿನ ಗೂಡು ಕಟ್ಟಿಸಿ, ಕೆಳಗೆ ಚಪ್ಪಡಿ ಹಾಸಿ, ಒಣ ದರಕು (ಉದುರಿದ ಎಲೆ) ತುಂಬಿಸಿದ್ದೇನೆ. ಒದ್ದೆ ಕಂಡ ದಿನವೇ ದರಕು ಬದಲು. ಒಳಗೆ ಬಿಸಿ ಕೊಡುವ ಬಲ್ಬ್ ಇದೆ. ಕರೆಂಟ್ ಹೋದಾಗ ಒಳಮನೆಯಲ್ಲಿ, ಒಲೆಯಿಂದ ಸ್ವಲ್ಪ ದೂರದಲ್ಲಿ ಇಡುತ್ತೇವೆ. ಅಡಿಕೆ ತೋಟದ ಬಸಿಗಾಲುವೆಯತ್ತ ಹೋಗದಂತೆ ಮೊಣಕಾಲೆತ್ತರದ ಗೋಡೆಯೂ ಇದೆ. ಬಿಸಿಲು ಬಿದ್ದ ಗಳಿಗೆಯಲ್ಲಿ ಮಾತ್ರ ಅಂಗಳ.

ಅಕ್ವೇರಿಯಂ ಅಂಗಡಿಗಳ ಕೆಂಪು ಕಿವಿಯ ಆಮೆಯ ಕಥೆ ಬೇರೆ. ಅದು ನೀರಿನದೇ, ಈಜಲು ಆಳ, ಮೈ ಒಣಗಿಸಲು ಕಲ್ಲು ಎರಡೂ ಬೇಕು. ಬೇಸರ ಬಂತೆಂದು ಅದನ್ನು ಕೆರೆಗೆ ಬಿಡಬಾರದು. ಅಮೆರಿಕ ಮೂಲದ ಅದು ಇಲ್ಲಿನ ಆಮೆಗಳ ಆಹಾರ, ಜಾಗ ಎರಡನ್ನೂ ಕಸಿಯುತ್ತದೆ.

ನೆಲದ ಆಮೆ ನೀರಿಗೆ ಬಿದ್ದದ್ದು ಕಂಡರೆ ಸತ್ತಿದೆಯೆಂದು ಕೈಬಿಡಬೇಡಿ. ತಲೆ ಕೆಳಗಾಗಿ ಹಿಡಿದು, ಕತ್ತನ್ನು ಮೆಲ್ಲನೆ ಹೊರಕ್ಕೆ ಚಾಚಿಸಿ ನೀರು ಸುರಿದುಹೋಗಲು ಬಿಡಬೇಕು. ಬೆನ್ನ ಮೇಲೆ ಮಲಗಿಸಬಾರದು. ಚೇತರಿಸಿಕೊಂಡು ಓಡಾಡಿದರೂ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು. ಆಮೆಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆ, ಅಂದರೆ ವಪೆಯಿಲ್ಲ, ಶ್ವಾಸಕೋಶಕ್ಕೆ ಹೋದ ನೀರನ್ನು ಕೆಮ್ಮಿ ಹೊರಹಾಕಲಾರದು. ನ್ಯುಮೋನಿಯಾ ಕಾಣಿಸಿಕೊಳ್ಳುವುದು ಕೆಲವು ದಿನಗಳ ನಂತರ.